ರಾತ್ರಿ ಹತ್ತೂವರೆಗೆ ಕೇಳಿದ ಪ್ರಶ್ನೆ

ಅದು ಮಾರ್ಚ್ ತಿಂಗಳು. ಕೊಡಗಿನ ಸುಂಟಿಕೊಪ್ಪದ ಕಡೆಯ ನಮ್ಮ ಪಕ್ಕದ ತೋಟದ ಅಣ್ಣ ಒಂದು ಅರೇಬಿಕಾ ಕಾಫಿ ಗಿಡದ ಫೋಟೋ ತೆಗೆದರು. ಕಾಂಡದ ಮೇಲೆ ಗೆರೆ ಗೆರೆಯಾಗಿ ತೊಗಟೆ ಉಬ್ಬಿತ್ತು. ಎಲೆ ಹಳದಿಯಾಗಿ ಜೋತು ಬಿದ್ದಿತ್ತು. "ಇದು ಬೋರರ್ ಹೌದೋ ಅಲ್ವೋ, ತಿಳಿದವರು ಹೇಳಿ" ಅಂತ ಬರೆದು, ಬೆಳೆಗಾರರು ಸೇರುವ ಒಂದು ಆನ್‌ಲೈನ್ ವೇದಿಕೆಗೆ ಹಾಕಿ ಮಲಗಿದರು. ಆಗ ರಾತ್ರಿ ಹತ್ತೂವರೆ. ಬೋರರ್ ಅಂದರೆ ಬಿಳಿ ಕಾಂಡಕೊರಕ, ಕಾಫಿ ಗಿಡದ ಕಾಂಡ ಕೊರೆಯುವ ಹುಳ.

ಬೆಳಗ್ಗೆ ಆರೂವರೆಗೆ ನೋಡಿದರೆ ಎರಡೇ ವೋಟು, ಉತ್ತರ ಒಂದೂ ಇಲ್ಲ. ಮೇಲ್ಗಡೆ ಪೂರ್ತಿ ಕಾಫಿ ರೇಟಿನ ಮಾತು. "ಅಷ್ಟು ಜನ ಇದ್ದಾರೆ, ಒಬ್ಬರಿಗೂ ಕಾಣಲಿಲ್ಲವಲ್ಲ ಕಣಪ್ಪ" ಎಂದರು ಅಣ್ಣ. ಅವರ ಬೇಜಾರಿಗೆ ಕಾರಣವಿತ್ತು. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್‌ನಿಂದ ಜೂನ್‌ವರೆಗೆ ಹೊರಗೆ ಬಂದು ಹಾರಾಡಿ ಮೊಟ್ಟೆ ಇಡುತ್ತದೆ. ಅದಕ್ಕೆ ಮೊದಲೇ, ಅಂದರೆ ಮಾರ್ಚ್‌ನಲ್ಲೇ, ಹುಳ ಹಿಡಿದ ಗಿಡ ಹುಡುಕಿ ಕಿತ್ತು ಸುಡಬೇಕು. ತಡವಾದರೆ ಒಂದು ಗಿಡದ ಹುಳ ಪಕ್ಕದ ಗಿಡಗಳಿಗೂ ಹೋಗುತ್ತದೆ.

ಯಾರೂ ಬೇಕೆಂದು ಆ ಪ್ರಶ್ನೆಯನ್ನು ಕೆಳಗೆ ತಳ್ಳಿರಲಿಲ್ಲ. ತಳ್ಳಿದ್ದು ಒಂದು ಲೆಕ್ಕ.

ಆ ಲೆಕ್ಕ ಹೇಗಿರುತ್ತದೆ ಅನ್ನುವುದಕ್ಕೆ ಹ್ಯಾಕರ್ ನ್ಯೂಸ್ ಒಳ್ಳೆಯ ಉದಾಹರಣೆ. 2007ರಲ್ಲಿ ಶುರುವಾದ, ಕಂಪ್ಯೂಟರ್ ಜನರ ಚರ್ಚಾ ತಾಣ ಅದು. ಅದರ ಹಳೆಯ ಕೋಡ್ ಹೊರಗೆ ಬಂದಿದ್ದರಿಂದ ಸೂತ್ರ ಎಲ್ಲರಿಗೂ ಗೊತ್ತು. ಬಂದ ವೋಟಿನಲ್ಲಿ ಒಂದು ಕಳೆಯಬೇಕು, ಅದು ಬರೆದವರದೇ ವೋಟು. ಪೋಸ್ಟು ಹಾಕಿ ಎಷ್ಟು ಗಂಟೆಯಾಯಿತೋ ಅದಕ್ಕೆ ಎರಡು ಕೂಡಿಸಿ, 1.8ರ ಘಾತಕ್ಕೆ ಏರಿಸಬೇಕು. ಆಮೇಲೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಈ 1.8ಕ್ಕೆ ಅಲ್ಲಿ ಗುರುತ್ವ ಅಂತಲೇ ಹೆಸರು. ಹೊತ್ತು ಕಳೆದ ಹಾಗೆ ಪೋಸ್ಟನ್ನು ಕೆಳಗೆ ಎಳೆಯುವುದು ಅದೇ.

ಅಣ್ಣನ ಪ್ರಶ್ನೆಯನ್ನು ಈ ಸೂತ್ರಕ್ಕೆ ಹಾಕಿ ನೋಡಿದೆ. ಎಂಟು ಗಂಟೆ ಹಳೆಯದು, ಎರಡು ವೋಟು. ಅಂಕ 0.016 ಬಂತು. ಬೆಳಗ್ಗೆ ಐದೂವರೆಗೆ ಹಾಕಿದ ರೇಟಿನ ಪೋಸ್ಟಿಗೆ ಒಂದು ಗಂಟೆಯಲ್ಲಿ ಹತ್ತು ವೋಟು ಬಂದಿತ್ತು. ಅದರ ಅಂಕ 1.25. ವೋಟಿನಲ್ಲಿ ಐದು ಪಟ್ಟು ವ್ಯತ್ಯಾಸ, ಅಂಕದಲ್ಲಿ ಹತ್ತಿರ ಹತ್ತಿರ 80 ಪಟ್ಟು! ನೂರು ವೋಟು ಬಿದ್ದ ಪೋಸ್ಟು ಕೂಡ 20 ಗಂಟೆ ಕಳೆದ ಮೇಲೆ 0.38ಕ್ಕೆ ಇಳಿದಿರುತ್ತದೆ. ಹತ್ತು ವೋಟಿನ ಹೊಸಬ ಅದನ್ನೂ ದಾಟಿ ಮುಂದೆ ಹೋಗುತ್ತಾನೆ.

ಇನ್ನೊಂದು ಚರ್ಚಾ ತಾಣ ರೆಡ್ಡಿಟ್ ಹಿಂದೆ ಬಳಸುತ್ತಿದ್ದ ದಾರಿ ಬೇರೆ. ಅಲ್ಲಿ ವೋಟನ್ನು ಲಾಗರಿದಮ್‌ಗೆ ಹಾಕುತ್ತಿದ್ದರು. ಒಂದರಿಂದ 10 ವೋಟಿಗೆ ಏರಿದರೆ ಎಷ್ಟು ಬಲವೋ, 10ರಿಂದ 100ಕ್ಕೆ ಏರಿದರೂ ಅಷ್ಟೇ ಬಲ. ಅದಕ್ಕೆ ಹೊಸತನದ ಅಂಕ ಸೇರಿಸುತ್ತಿದ್ದರು, 45,000 ಸೆಕೆಂಡಿಗೆ ಒಂದರಂತೆ. ಅಂದರೆ ಹನ್ನೆರಡೂವರೆ ಗಂಟೆ ಹಳೆಯ ಪೋಸ್ಟು ಈಗ ತಾನೇ ಬಂದ ಪೋಸ್ಟಿಗೆ ಸರಿಗಟ್ಟಬೇಕಾದರೆ ಹತ್ತು ಪಟ್ಟು ವೋಟು ಬೇಕು. ಮೊದಲ ಹತ್ತು ವೋಟಿಗೆ ಇಷ್ಟೊಂದು ಬೆಲೆ ಯಾಕೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಹೊತ್ತಿನ ಲೆಕ್ಕವೇ ಬೇಡ, ಜಾಸ್ತಿ ವೋಟು ಬಿದ್ದದ್ದು ಮೇಲಿರಲಿ ಅನ್ನಬಹುದು. ಆಗಸ್ಟ್ 2018ರಲ್ಲಿ ನಾನು ಅದನ್ನೂ ಅನುಭವಿಸಿದ್ದೇನೆ. ಗುಡ್ಡದ ಬರೆ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತ್ತು. ಯಾವ ಕಡೆಯಿಂದ ಊರು ಸೇರಬಹುದು ಅಂತ ಫೋನ್ ಹಿಡಿದು ಕೂತಿದ್ದೆ. ನಾನು ನೋಡುತ್ತಿದ್ದ ಪುಟದಲ್ಲಿ ಮೇಲಿದ್ದದ್ದು ಮೂರು ದಿನದ ಹಿಂದಿನ ಗುಡ್ಡದ ಚಿತ್ರ. ಸಾವಿರಾರು ಜನ ನೋಡಿ ಒತ್ತಿದ್ದು. "ಈ ದಾರೀಲಿ ಈಗ ಜೀಪ್ ಬಿಡ್ತಿದ್ದಾರೆ" ಎಂಬ ಒಂದು ಸಾಲು ಎಲ್ಲೋ ತಳದಲ್ಲಿತ್ತು. ಹಳೆಯದು ತಾನಾಗಿ ಕೆಳಗೆ ಸರಿಯಲೇಬೇಕು. ಎಷ್ಟು ಬೇಗ ಸರಿಯಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ರಸ್ತೆಯ ಸುದ್ದಿ ಒಂದು ಗಂಟೆಗೆ ಹಳಸುತ್ತದೆ. ಗಿಡದ ರೋಗದ ಪ್ರಶ್ನೆ ವಾರವಾದರೂ ಹಳಸುವುದಿಲ್ಲ. ಎರಡಕ್ಕೂ ಒಂದೇ ಗುರುತ್ವ ಇಟ್ಟರೆ ಒಂದಕ್ಕೆ ಅನ್ಯಾಯ ಆಗಿಯೇ ಆಗುತ್ತದೆ.

ಉತ್ತರಗಳನ್ನು ಜೋಡಿಸುವ ಲೆಕ್ಕ ಇನ್ನೊಂದು. ನನಗೆ ತುಂಬಾ ಹಿಡಿಸಿದ್ದು ಇದೇ. ಒಂದು ಉತ್ತರಕ್ಕೆ ಒಬ್ಬರೇ ವೋಟು ಹಾಕಿದ್ದಾರೆ, ಅದು ಮೆಚ್ಚಿದ ವೋಟು. ಅಂದರೆ ನೂರಕ್ಕೆ ನೂರು. ಇನ್ನೊಂದಕ್ಕೆ ನೂರು ಜನ ಹಾಕಿದ್ದಾರೆ, 95 ಮಂದಿ ಮೆಚ್ಚಿದ್ದಾರೆ. ಯಾವುದು ಮೇಲಿರಬೇಕು? ಕಾಫಿ ಮಾರುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಒಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆದು ನೋಡಿ ಇಡೀ ಲಾಟಿನ ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಅಂತ, ಹೇಳಲು ಬರುವುದಿಲ್ಲ. ಹತ್ತಾರು ಚೀಲದಿಂದ ಸ್ಯಾಂಪಲ್ ತೆಗೆದರೆ ಧೈರ್ಯವಾಗಿ ಹೇಳಬಹುದು.

ಈ ಧೈರ್ಯಕ್ಕೆ ಒಂದು ಸಂಖ್ಯೆ ಕೊಟ್ಟವರು ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್, 1927ರಲ್ಲಿ. ನೋಡಿದ ಸ್ಯಾಂಪಲ್ ಇಷ್ಟಾದರೆ ನಿಜವಾದ ಮೆಚ್ಚುಗೆ ಕಡಿಮೆ ಅಂದರೂ ಎಷ್ಟಿರಬಹುದು ಅಂತ ಅವರ ಸೂತ್ರ ಹೇಳುತ್ತದೆ. ನೂರಕ್ಕೆ 95ರ ಖಾತ್ರಿ ಬೇಕು ಅಂತ ಇಟ್ಟುಕೊಂಡರೆ ಒಂದಕ್ಕೆ ಒಂದು ಪಡೆದ ಉತ್ತರಕ್ಕೆ ಸಿಗುವುದು ನೂರಕ್ಕೆ ಸುಮಾರು 21. ಮೂರಕ್ಕೆ ಮೂರು ಪಡೆದದ್ದಕ್ಕೆ 44. ನೂರಕ್ಕೆ 95 ಪಡೆದದ್ದಕ್ಕೆ 89. ರೆಡ್ಡಿಟ್ 2009ರಲ್ಲಿ ಕಮೆಂಟುಗಳನ್ನು ಜೋಡಿಸಲು ಇದನ್ನೇ ತಂದಿತು. ಇಲ್ಲಿ ಹೊತ್ತಿನ ಮಾತೇ ಇಲ್ಲ. ತಡವಾಗಿ ಬಂದ ಒಳ್ಳೆಯ ಉತ್ತರವೂ ಮೇಲೆ ಬರಬಹುದು.

ಬರಬಹುದು ಅಂದೆ, ಯಾಕೆಂದರೆ ವೋಟು ಹಾಕುವ ನಾವು ತಕ್ಕಡಿಯ ಕಲ್ಲಲ್ಲ. ಬೇರೆಯವರು ಏನು ಹಾಕಿದ್ದಾರೆ ಅಂತ ನೋಡಿ ಹಾಕುತ್ತೇವೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಸುದ್ದಿ ಹಂಚಿಕೊಳ್ಳುವ ಒಂದು ತಾಣದಲ್ಲಿ 1,01,281 ಕಮೆಂಟುಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ, ಬಂದ ಕೂಡಲೇ ಒಂದೇ ಒಂದು ಸುಳ್ಳು ಮೆಚ್ಚುಗೆ ಹಾಕಿದರು. ಕೊನೆಗೆ ಆ ಕಮೆಂಟುಗಳ ಅಂಕ ಸರಾಸರಿ ನೂರಕ್ಕೆ 25ರಷ್ಟು ಜಾಸ್ತಿಯಾಗಿತ್ತು. ಒಂದು ಸುಳ್ಳು ವೋಟಿನಿಂದ! ಸುಳ್ಳು ತಿರಸ್ಕಾರ ಹಾಕಿದಾಗ ಮಾತ್ರ ಜನ ಬಂದು ಮೆಚ್ಚಿ ಅದನ್ನು ಸರಿಮಾಡಿದರು. ಆ ಭಾಗ ಓದಿ ನನಗೆ ಖುಷಿಯಾಯಿತು.

2006ರ ಇನ್ನೊಂದು ಪ್ರಯೋಗದಲ್ಲಿ 14,000ಕ್ಕೂ ಜಾಸ್ತಿ ಜನ 48 ಹಾಡು ಕೇಳಿದರು. ಕೆಲವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಡೌನ್‌ಲೋಡ್ ಮಾಡಿಕೊಂಡಿದ್ದಾರೆ ಅಂತ ಮಾತ್ರ ತೋರಿಸಿದರು. ಅದೇ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದು. ಹಾಡು ಬದಲಾಗಿರಲಿಲ್ಲ. ಮೊದಲು ಒತ್ತಿದವರು ಬೇರೆಯಾಗಿದ್ದರು.

ಇದರ ಮೇಲೆ ನಡೆಸುವವರ ಆಯ್ಕೆಯೂ ಸೇರುತ್ತದೆ. 2017ರಲ್ಲಿ ಫೇಸ್‌ಬುಕ್‌ನ ಲೆಕ್ಕದಲ್ಲಿ ಒಂದು ಸಿಟ್ಟಿನ ಮುಖ ಐದು ಲೈಕಿಗೆ ಸಮ. ಆಮೇಲೆ ಇಳಿಸುತ್ತ ಬಂದು 2020ರಲ್ಲಿ ಸೊನ್ನೆ ಮಾಡಿದರು. ಯಾವ ಭಾವನೆ ಎಷ್ಟು ತೂಗಬೇಕು ಅಂತ ಯಾರೋ ಕೂತು ನಿರ್ಧರಿಸಿದ್ದರು. ಇಂಥ ನಿರ್ಧಾರಗಳು ಬಳಸುವವರಿಗೆ ಮೊದಲೇ ತಿಳಿಯಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಅವತ್ತು ಬೆಳಗ್ಗೆ ಅವರ ಪ್ರಶ್ನೆಗೆ ನಾನೊಂದು ವೋಟು ಹಾಕಿದೆ. ಅದೇ ಫೋಟೋ ಜೊತೆಗೆ ಅದನ್ನೇ ಮತ್ತೆ ಹೊಸದಾಗಿ ಹಾಕಿ ಅಂದೆ. ಎಲ್ಲರೂ ಕಾಫಿ ಕುಡಿಯುತ್ತ ಫೋನ್ ನೋಡುವ ಹೊತ್ತದು. ಅರ್ಧ ಗಂಟೆಯಲ್ಲಿ ಆರು ಉತ್ತರ ಬಂದವು. ಸೋಮವಾರಪೇಟೆ ಕಡೆಯ ಒಬ್ಬರು "ಉಬ್ಬಿದ ಜಾಗ ಕತ್ತೀಲಿ ಕೆರೆದು ನೋಡಿ, ಒಳಗೆ ಸುರಂಗ ಇದ್ದರೆ ಅದೇ" ಅಂತ ಬರೆದರು. ಕೆರೆದೆವು. ತೊಗಟೆ ಎದ್ದ ಕಡೆ ಸಣ್ಣ ಸುರಂಗ, ಅದರ ತುಂಬ ಮರದ ಪುಡಿ ಗಟ್ಟಿಯಾಗಿ ತುಂಬಿಕೊಂಡಿತ್ತು. ಅವತ್ತು ಸಂಜೆಯೊಳಗೆ ಅಂಥ ಹನ್ನೊಂದು ಗಿಡ ಸಿಕ್ಕಿದವು.

ಈಗ ನಾನು ಆ ವೇದಿಕೆ ತೆರೆದರೆ ಮೊದಲು 'ಹೊಸದು' ಎಂಬಲ್ಲಿ ಒತ್ತುತ್ತೇನೆ. ಅಲ್ಲಿ ಸೂತ್ರ ಇಲ್ಲ, ಬಂದ ಸರದಿಯೇ ಸರದಿ. ನಿನ್ನೆ ರಾತ್ರಿ ಶನಿವಾರಸಂತೆಯ ಯಾರೋ ಮೆಣಸಿನ ಬಳ್ಳಿಯ ಎಲೆ ಯಾಕೆ ಉದುರುತ್ತಿದೆ ಅಂತ ಕೇಳಿದ್ದರು. ವೋಟು ಸೊನ್ನೆ ಇತ್ತು. ಒಂದು ಹಾಕಿ, ಬುಡದಲ್ಲಿ ನೀರು ನಿಲ್ಲುತ್ತಾ ಅಂತ ಕೇಳಿದ್ದೇನೆ.