ಜೀಪಿನ ಡ್ಯಾಶ್‌ಬೋರ್ಡಿಗೆ ಯಾವ ಮೀಟರ್?

ಹಳೇ ಜೀಪನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸುವ ಹುಚ್ಚು ತುಮಕೂರಿನ ಕಡೆಯೂ ಇದೆ. ಟೈರು, ಪೇಂಟಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಡ್ಯಾಶ್‌ಬೋರ್ಡಿನ ಸರದಿ ಬರುವಷ್ಟರಲ್ಲಿ ಜೇಬು ಖಾಲಿ. ಆಗ ಗ್ಯಾರೇಜಿನಲ್ಲಿ ಒಂದು ಸಲಹೆ ಬಂದೇ ಬರುತ್ತದೆ: “ಮೆಕ್ಯಾನಿಕಲ್ ಮೀಟರೇ ಹಾಕ್ಸಿ ಸಾರ್, ಅದು ಸುಳ್ಳು ಹೇಳಲ್ಲ.” ಇದು ಅರ್ಧ ನಿಜ. ಯಾವುದನ್ನು ಅಳೆಯಬೇಕು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಆಯಿಲ್ ಪ್ರೆಶರ್ ಮೀಟರನ್ನೇ ನೋಡಿ. ಮೆಕ್ಯಾನಿಕಲ್ ಮೀಟರನ್ನು ಬಿಚ್ಚಿದರೆ ಒಳಗೆ ಬಾಗಿದ, ಚಪ್ಪಟೆಯಾದ ಒಂದು ಲೋಹದ ಕೊಳವೆ ಕಾಣುತ್ತದೆ. ಒಂದು ತುದಿ ತೆರೆದಿದೆ, ಇನ್ನೊಂದು ಮುಚ್ಚಿದೆ. ಒತ್ತಡದಲ್ಲಿರುವ ಆಯಿಲ್ ಒಳಗೆ ನುಗ್ಗಿದಾಗ ಕೊಳವೆ ನೆಟ್ಟಗಾಗಲು ನೋಡುತ್ತದೆ. ಮುಚ್ಚಿದ ತುದಿ ಚೂರೇ ಚೂರು ಸರಿಯುತ್ತದೆ. ಆ ಚೂರನ್ನೇ ಪುಟ್ಟ ಹಲ್ಲುಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಫ್ರಾನ್ಸಿನ ಯೂಜಿನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಪಂಚರ್ ಅಂಗಡಿಯ ಗಾಳಿ ಟ್ಯಾಂಕಿನ ಮೇಲಿರುವ ದುಂಡನೆಯ ಮೀಟರಿನಲ್ಲೂ ಇದೇ ಕೊಳವೆ. ಬ್ಯಾಟರಿ ಬೇಡ, ವೈರೂ ಬೇಡ.

ಆದರೆ ಒಂದು ತೊಂದರೆ ಇದೆ. ಇಂಜಿನ್ನಿನ ಬಿಸಿ ಆಯಿಲ್ ನಿಮ್ಮ ಮೊಣಕಾಲಿನ ಹತ್ತಿರದವರೆಗೂ ಬರಬೇಕು. ಅದನ್ನು ತರುವುದು 3 ಮಿಲಿಮೀಟರ್ ದಪ್ಪದ ತಾಮ್ರದ ಅಥವಾ ನೈಲಾನ್ ಪೈಪ್. ತಾಮ್ರ ಅದುರಿ ಅದುರಿ ಗಡುಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಅದಕ್ಕೇ ಇಂಜಿನ್ನಿಗೂ ಬಾಡಿಗೂ ನಡುವೆ ಪೈಪನ್ನು ಒಂದೆರಡು ಸುತ್ತು ಸುರುಳಿ ಮಾಡಿ ಬಿಡಬೇಕು. ನೈಲಾನ್ ಅದುರುವುದನ್ನು ತಾಳಿಕೊಳ್ಳುತ್ತದೆ, ಸೈಲೆನ್ಸರ್ ಪೈಪಿನ ಬಿಸಿಯನ್ನು ತಾಳಿಕೊಳ್ಳುವುದಿಲ್ಲ. ತಗಡಿನ ತೂತಿನಲ್ಲಿ ರಬ್ಬರ್ ಬುಶ್ ಇಲ್ಲದಿದ್ದರೆ ಎರಡೂ ಸವೆದು ಹೋಗುತ್ತವೆ. ಪೈಪ್ ಒಡೆದರೆ ಸುಡುವ ಆಯಿಲ್ ಕಾಲ ಮೇಲೆಯೇ. ನನ್ನನ್ನು ಕೇಳಿದರೆ, ಆಯಿಲ್ ಪ್ರೆಶರಿಗೆ ಎಲೆಕ್ಟ್ರಿಕ್ ಮೀಟರೇ ಸರಿ. ಒತ್ತಡ ಇಂಜಿನ್ನಿನ ಹತ್ತಿರವೇ ಉಳಿಯುತ್ತದೆ, ಸುದ್ದಿ ಮಾತ್ರ ವೈರಿನಲ್ಲಿ ಬರುತ್ತದೆ.

ಟೆಂಪರೇಚರ್ ಮೀಟರಿನ ವಿಷಯ ಬೇರೆ. ಮೆಕ್ಯಾನಿಕಲ್‌ನಲ್ಲಿ ಇಂಜಿನ್ನಿನ ನೀರಿನಲ್ಲಿ ಮುಳುಗಿರುವ ಒಂದು ಲೋಹದ ಬುರುಡೆ, ಅದರಿಂದ ಮೀಟರಿನವರೆಗೆ ಕೂದಲೆಳೆಯ ತೂತಿನ ಕೊಳವೆ, ಎಲ್ಲವೂ ಸೀಲ್. ಬುರುಡೆಯೊಳಗಿನ ದ್ರವ ಬಿಸಿಗೆ ಆವಿಯಾಗಿ ಒತ್ತಡ ಏರಿಸುತ್ತದೆ. ಸೋರಿದರೂ ಕಾಲು ಸುಡುವ ಭಯವಿಲ್ಲ. ಕೊಳವೆ ಉದ್ದ ಜಾಸ್ತಿ ಆಯ್ತು ಅಂತ ಕತ್ತರಿಸಿದರೆ ಮಾತ್ರ ಮೀಟರ್ ಗುಜರಿಗೆ.

ಎಲೆಕ್ಟ್ರಿಕ್ ಮೀಟರ್ ಸುಳ್ಳು ಹೇಳುವುದು ಸಾಮಾನ್ಯವಾಗಿ ಅರ್ತಿಂಗ್‌ನಿಂದ. ಟೆಂಪರೇಚರ್ ಸೆನ್ಸರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ತಡೆ ಇಳಿಯುವ ಒಂದು ಬಿಲ್ಲೆ ಇರುತ್ತದೆ. ಒಂದೇ ವೈರಿನ ಸೆನ್ಸರಿಗೆ ಇನ್ನೊಂದು ವೈರ್ ಅಂದರೆ ಇಂಜಿನ್ನೇ. ಸೋರಬಾರದು ಅಂತ ಪ್ಲಂಬರ್ ತರ ಥ್ರೆಡ್ಡಿಗೆಲ್ಲ ಟೆಫ್ಲಾನ್ ಟೇಪ್ ಸುತ್ತಿದರೆ ಆ ದಾರಿ ಕೆಡಬಹುದು. ಆಗ ಮೀಟರಿಗೆ ತಡೆ ಜಾಸ್ತಿಯಾಗಿ ಕಾಣುತ್ತದೆ, ಇಂಜಿನ್ ಕಾದಿದ್ದರೂ ಮುಳ್ಳು ತಣ್ಣಗೆ ತೋರಿಸುತ್ತದೆ. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೂ ಇದೇ ಕಥೆ.

ಸೆನ್ಸರ್ ಒಂದು ಕಡೆಯದು, ಮೀಟರ್ ಇನ್ನೊಂದು ಕಡೆಯದು ಹಾಕಿದರೂ ಕೆಲಸ ಕೆಡುತ್ತದೆ. ಅಮೆರಿಕದ ಮಾದರಿಯ ಫ್ಯೂಯೆಲ್ ಸೆಂಡರ್‌ಗಳಲ್ಲಿ, ಅಂದರೆ ಟ್ಯಾಂಕಿನೊಳಗಿನ ಸೆನ್ಸರುಗಳಲ್ಲಿ, ಟ್ಯಾಂಕ್ ಖಾಲಿ ಇದ್ದರೆ ತಡೆ 240 ಓಮ್, ತುಂಬಿದರೆ 33 ಇರುವುದು ಸಾಮಾನ್ಯ. ಯುರೋಪಿನ ಮಾದರಿಯಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180. ಎರಡನ್ನೂ ಬೆರೆಸಿದರೆ ಡೀಸೆಲ್ ತುಂಬಿಸಿದಂತೆಲ್ಲ ಮುಳ್ಳು ಕೆಳಗಿಳಿಯುತ್ತದೆ!

ಹಳೇ ಆಂಪ್ ಮೀಟರ್ ಚೆಂದಕ್ಕೆ ಬೇಕು ಅನ್ನುವವರಿದ್ದಾರೆ. ಬೇಡ ಅಂತೀನಿ. ಬ್ಯಾಟರಿಯ ಚಾರ್ಜಿಂಗ್ ಕರೆಂಟ್ ಅದರೊಳಗಿಂದಲೇ ಹರಿಯಬೇಕು. ದೊಡ್ಡ ಆಲ್ಟರ್ನೇಟರ್ ಹಾಕಿಸಿದ ಮೇಲೆ ಒಂದು ನಟ್ ಸಡಿಲವಾದರೂ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ. ವೋಲ್ಟ್ ಮೀಟರಿಗೆ ಫ್ಯೂಸ್ ಇರುವ ಸಣ್ಣ ವೈರ್ ಸಾಕು. ಇಂಜಿನ್ ನಿಂತಾಗ 12.6 ವೋಲ್ಟ್, ಚಾರ್ಜ್ ಆಗುವಾಗ 14ರ ಆಸುಪಾಸು ತೋರಿಸಿದರೆ ಎಲ್ಲ ಸರಿ ಇದೆ.

ಕೇಬಲ್ ಸ್ಪೀಡೋಮೀಟರನ್ನು ಮಾತ್ರ ಸುಮ್ನೆ ಕಿತ್ತು ಹಾಕಬೇಡಿ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಮಾಡಿಸಿದ ಯಂತ್ರ ಅದು. ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದು ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ, ಒಂದು ಕೂದಲು ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ವಾಚಿನೊಳಗಿನ ಸ್ಪ್ರಿಂಗಿನ ನೆಂಟನೇ ಅದು. ಎಚ್‌ಎಂಟಿ ವಾಚು ಮಾಡುತ್ತಿದ್ದ ಊರಿನವರಿಗೆ ಈ ನೆಂಟಸ್ತಿಕೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಟೆಂಪರೇಚರ್ ಮೀಟರ್ ಸರಿ ಇದೆಯೇ ಅಂತ ಫಿಟ್ ಮಾಡುವ ಮೊದಲೇ ನೋಡಬಹುದು. ಪಾತ್ರೆಯಲ್ಲಿ ನೀರು ಕುದಿಸಿ ಬುರುಡೆಯನ್ನು ಇಳಿಬಿಡಿ. ಎಲೆಕ್ಟ್ರಿಕ್ ಆದರೆ ಮೀಟರಿಗೆ 12 ವೋಲ್ಟ್ ಕೊಟ್ಟು, ಸೆನ್ಸರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ವೈರ್ ಎಳೆಯಿರಿ. ಮುಳ್ಳು 100ಕ್ಕೆ ಬರಲಿಲ್ಲ ಅಂತ ಅಂಗಡಿಯವನ ಮೇಲೆ ರೇಗಬೇಡಿ. ತುಮಕೂರು ಸಮುದ್ರ ಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಡುವುದರಿಂದ ಇಂಜಿನ್ನಿನಲ್ಲಿ ಅದು ಅಷ್ಟಕ್ಕೆ ಕುದಿಯುವುದಿಲ್ಲ.

ದೇವರಾಯನದುರ್ಗ ಹತ್ತುವಾಗ ಮುಳ್ಳು ನಿಧಾನವಾಗಿ ಏರಿದರೆ ಗಾಬರಿ ಬೇಡ, ಗೇರ್ ಇಳಿಸಿ ನೋಡಿ. ಏರಿದ್ದ ಮುಳ್ಳು ಏರಿನಲ್ಲೇ ಸರಕ್ಕನೆ ಕೆಳಗಿಳಿದರೆ ಹುಷಾರು. ನೀರೆಲ್ಲ ಸೋರಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರಬಹುದು. ಮೆಕ್ಯಾನಿಕಲ್ ಆಗಲಿ ಎಲೆಕ್ಟ್ರಿಕ್ ಆಗಲಿ, ಆಗ ಎರಡೂ ತಪ್ಪನ್ನೇ ತೋರಿಸುತ್ತವೆ. ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿ. ಪೂರ್ತಿ ಆರುವವರೆಗೆ ಕ್ಯಾಪ್ ಮುಟ್ಟಬೇಡಿ.