ಜ್ವಾಲಾಮುಖಿ ಪಕ್ಕ ಟೆಂಟ್ ಹಾಕಿ ಮಲಗಬಹುದಾ?

ಓದುಗರ ಪ್ರಶ್ನೆ: ನಾವು ಸಿಂಧನೂರಿನವರು. ಮಗಳು, ಅಳಿಯ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾರೆ. ಈ ಸಲ ನಾವಿಬ್ಬರೂ ಹೋಗುತ್ತಿದ್ದೇವೆ. ಲಾಸೆನ್ ಅನ್ನುವ ಜ್ವಾಲಾಮುಖಿ ಪಾರ್ಕಿನಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಇರೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ನಮ್ಮ ಮನೆಯವರಿಗೆ 64, ನನಗೆ 58. ಜ್ವಾಲಾಮುಖಿ ಪಕ್ಕ ಮಲಗೋದು ಅಂದರೆ ಎದೆ ಢವಢವ ಅನ್ನುತ್ತದೆ. ಹೋಗಬಹುದಾ? ಹೋದರೆ ಏನೇನು ತಯಾರಿ ಬೇಕು?

ಹೋಗಬಹುದು ತಾಯಿ. ಧಾರಾಳವಾಗಿ ಹೋಗಿ ಬನ್ನಿ.

ನಾವು ಬಳ್ಳಾರಿಯವರು. ನಮ್ಮ ಮಗನೂ ಅದೇ ಕಡೆ ಇದ್ದಾನೆ. ಅವನು ಲಾಸೆನ್ ಹೆಸರು ಎತ್ತಿದಾಗ ನನ್ನ ಹೆಂಡತಿ ಕೇಳಿದ್ದೂ ಇದೇ ಪ್ರಶ್ನೆ. ವಿಮಾನ ಹತ್ತುವ ತನಕ ನಮಗಿದ್ದದ್ದು ಬೆಂಕಿಯ ಭಯ. ಅಲ್ಲಿ ಹೋದ ಮೊದಲ ರಾತ್ರಿಯೇ ಇಬ್ಬರೂ ಚಳಿಗೆ ಗಡಗಡ ನಡುಗಿದೆವು. ಅಂದರೆ ನಾವು ತಯಾರಾಗಿದ್ದು ಒಂದಕ್ಕೆ, ಎದುರಾಗಿದ್ದು ಇನ್ನೊಂದು.

ಮೊದಲು ಜ್ವಾಲಾಮುಖಿ ವಿಷಯ ಮುಗಿಸಿಬಿಡೋಣ. ಲಾಸೆನ್ ಶಿಖರ ಸತ್ತ ಜ್ವಾಲಾಮುಖಿ ಅಲ್ಲ, ಮಲಗಿರುವ ಜ್ವಾಲಾಮುಖಿ. 1914ರ ಮೇ 30ರಂದು ಎದ್ದು ಹಬೆ ಉಗುಳಲು ಶುರು ಮಾಡಿತು. ಮುಂದಿನ ಒಂದು ವರ್ಷ ಆಗಾಗ ಸಿಡಿಯುತ್ತಲೇ ಇತ್ತು. 1915ರ ಮೇ 22ರಂದು ದೊಡ್ಡದಾಗಿ ಸಿಡಿದಾಗ ಬೂದಿ ಆಕಾಶದಲ್ಲಿ 9 ಕಿ.ಮೀ. ಎತ್ತರಕ್ಕೆ ಏರಿತು. 300 ಕಿ.ಮೀ. ಆಚೆಯ ಊರಲ್ಲೂ ಬೂದಿ ಬಿತ್ತು. ಬಳ್ಳಾರಿಯಲ್ಲಿ ಸಿಡಿದದ್ದು ಬೆಂಗಳೂರಿನ ಮಾಳಿಗೆ ಮೇಲೆ ಬಿದ್ದ ಹಾಗೆ. ಇಷ್ಟೆಲ್ಲ ಗದ್ದಲ ನಡೆಯುವಾಗಲೇ, 1916ರಲ್ಲಿ, ಅದನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಆಮೇಲೆ ಮೆಲ್ಲಗೆ ತಣ್ಣಗಾಯಿತು. ನೂರು ವರ್ಷದಿಂದ ಸಿಡಿದಿಲ್ಲ.

ಈಗ ಅಮೆರಿಕದ ಭೂವಿಜ್ಞಾನ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ಅದರ ಮೇಲೆ ಹಗಲೂ ರಾತ್ರಿ ಕಣ್ಣಿಟ್ಟಿದೆ. ಸುತ್ತ ಭೂಕಂಪ ಅಳೆಯುವ ಯಂತ್ರಗಳಿವೆ, ನೆಲ ಉಬ್ಬುತ್ತಿದೆಯಾ ಅಂತ ನೋಡುವ ಜಿಪಿಎಸ್ ಇದೆ. ಲಾವಾ ಮೇಲೆ ಬರುವ ಮುಂಚೆ ಸಾಮಾನ್ಯವಾಗಿ ನೆಲ ನಡುಗುತ್ತದೆ, ಉಬ್ಬುತ್ತದೆ. ಸ್ಥಿತಿಯನ್ನು ನಾಲ್ಕು ಬಣ್ಣದಲ್ಲಿ ಹೇಳುತ್ತಾರೆ: ಹಸಿರು, ಹಳದಿ, ಕಿತ್ತಳೆ, ಕೆಂಪು. ಹೊರಡುವ ಹಿಂದಿನ ದಿನ ಮಗಳಿಗೆ ಒಮ್ಮೆ ನೋಡಲು ಹೇಳಿ. ಹಸಿರು ಇದ್ದರೆ ಆ ಚಿಂತೆ ಅಲ್ಲಿಗೆ ಬಿಡಿ.

ಇನ್ನು ತಾರೀಖು. ನಮ್ಮ ಕಡೆಯವರು ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೊರಡುವುದೇ ಏಪ್ರಿಲ್‌ನಲ್ಲಿ, ಇಲ್ಲಿನ ಬಿಸಿಲು ತಪ್ಪಿಸಿಕೊಳ್ಳೋಕೆ. ಹೋದ ಹೊಸದರಲ್ಲೇ ಉತ್ಸಾಹ ಜಾಸ್ತಿ, ಮೇ ತಿಂಗಳಲ್ಲೇ ಹೋಗಿಬಿಡೋಣ ಅನ್ನಿಸುತ್ತದೆ. ಬೇಡ. ಮೇ ತಿಂಗಳಲ್ಲಿ ಅಲ್ಲಿನ ರಸ್ತೆ ಇನ್ನೂ ಹಿಮದ ಕೆಳಗಿರುತ್ತದೆ. ಪಾರ್ಕಿನ ನಡುವೆ ಹಾದುಹೋಗುವ ಸುಮಾರು 48 ಕಿ.ಮೀ. ರಸ್ತೆ ಪೂರ್ತಿ ತೆರೆಯುವುದು ಕೆಲವು ವರ್ಷ ಜೂನ್‌ನಲ್ಲಿ, ಕೆಲವು ವರ್ಷ ಜುಲೈನಲ್ಲಿ. ಹಿಮ ಕರಗಿದ ಮೇಲೆ ಕೆಲವು ವಾರ ಸೊಳ್ಳೆ ಕಾಟ ಬೇರೆ. ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯದ ತನಕ ಒಳ್ಳೆಯ ಕಾಲ. ಒಂದೇ ತೊಂದರೆ, ಅದು ಕಾಡ್ಗಿಚ್ಚಿನ ಕಾಲವೂ ಹೌದು. 2021ರ ಡಿಕ್ಸಿ ಕಾಡ್ಗಿಚ್ಚು ಪಾರ್ಕಿನ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ಸುಟ್ಟಿತು. ಕರಕಲಾದ ಮರಗಳು ಸಾಲಾಗಿ ನಿಂತದ್ದು ನಿಮಗೂ ಕಾಣುತ್ತದೆ. ಹೊಗೆ ಜಾಸ್ತಿ ಇದೆ ಅಂತ ಗೊತ್ತಾದರೆ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ದಮ್ಮು ಇದ್ದರೆ, ಪ್ರವಾಸ ಮುಂದಕ್ಕೆ ಹಾಕಿ.

ಟೆಂಟ್ ಜಾಗ ಬುಕ್ ಮಾಡುವುದು ರಿಕ್ರಿಯೇಷನ್ ಡಾಟ್ ಗವ್ ಅನ್ನುವ ಸರಕಾರಿ ತಾಣದಲ್ಲಿ. ಆರು ತಿಂಗಳ ಮುಂಚೆ ತೆರೆಯುತ್ತದೆ, ಶನಿವಾರ ಭಾನುವಾರದ ಜಾಗ ಬೇಗ ಹೋಗಿಬಿಡುತ್ತದೆ. ಮ್ಯಾನ್ಜನೀಟ ಕೆರೆಯ ಕ್ಯಾಂಪನ್ನೇ ಹಿಡಿಯಿರಿ. 170ಕ್ಕೂ ಹೆಚ್ಚು ಜಾಗ ಇರುವ ದೊಡ್ಡ ಕ್ಯಾಂಪ್ ಅದು. ಪಕ್ಕದಲ್ಲೇ ಅಂಗಡಿ ಇದೆ, ಸ್ನಾನಕ್ಕೆ ದುಡ್ಡು ಕೊಟ್ಟರೆ ಬಿಸಿನೀರು ಸಿಗುತ್ತದೆ. ಟೆಂಟ್ ಆಗಲ್ಲ ಅನ್ನುವವರಿಗೆ ಅಲ್ಲೇ ಮರದ ಪುಟ್ಟ ಕ್ಯಾಬಿನ್‌ಗಳೂ ಇವೆ. ಒಳಗೆ ಹೀಟರ್ ಇರುತ್ತದೆ, ಶೌಚಕ್ಕೆ ಮಾತ್ರ ಹೊರಗೆ ನಡೆಯಬೇಕು. ನಿಮ್ಮ ವಯಸ್ಸಿಗೆ ಒಂದು ರಾತ್ರಿ ಟೆಂಟ್, ಒಂದು ರಾತ್ರಿ ಕ್ಯಾಬಿನ್ ಅಂತ ಮಾಡಿಕೊಂಡರೂ ಯಾರೂ ನಗುವುದಿಲ್ಲ.

ಈಗ ಚಳಿಗೆ ಬರೋಣ. ರಾಯಚೂರು ಸೀಮೆಯವರಿಗೆ ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಮ್ಯಾನ್ಜನೀಟ ಕೆರೆ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಂದರೆ ಹೆಚ್ಚೂಕಡಿಮೆ ಅದರ ನೆತ್ತಿಯ ಮೇಲೆ ಮಲಗಿದ ಹಾಗೆ. ಹಗಲು 25 ಡಿಗ್ರಿ ಆಸುಪಾಸು, ಹಿತವಾದ ಬಿಸಿಲು. ಅದನ್ನು ನೋಡಿ ನಾವು ಮೋಸ ಹೋದೆವು. ಸೂರ್ಯ ಮುಳುಗಿದ ಅರ್ಧ ತಾಸಿಗೆ ಗಾಳಿಯ ಗುಣವೇ ಬದಲಾಯಿತು. ಬೆಳಗಿನ ಜಾವ ಐದಾರು ಡಿಗ್ರಿಗೆ ಇಳಿದಿತ್ತು.

ನಾನು ಬುದ್ಧಿವಂತಿಕೆ ಮಾಡಿ ಅಗ್ಗದ ಸ್ಲೀಪಿಂಗ್ ಬ್ಯಾಗ್ ತರಿಸಿದ್ದೆ. ಮೇಲೆ ಎರಡು ಶಾಲು ಹೊದ್ದೆವು. ಆದರೂ ಬೆನ್ನಿಗೆ ಮಂಜುಗಡ್ಡೆ ಇಟ್ಟ ಹಾಗೆ. ಎರಡು ಗಂಟೆಗೆ ಹೆಂಡತಿ ಎದ್ದು ಕೂತು, ‘ಏಳ್ರಿ, ಕಾರಿನಾಗ ಮಲಗೋಣ ನಡೀರಿ’ ಅಂದಳು. ಹಾಗೇ ಮಾಡಿದೆವು. ಬೆಳಿಗ್ಗೆ ಸೊಸೆ ನಗುತ್ತಾ ಕಾರಣ ಹೇಳಿದಳು. ಚಳಿ ಬರುವುದು ಮೇಲಿನಿಂದಲ್ಲ, ಕೆಳಗಿನಿಂದ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಪದರ ಚಪ್ಪಟೆಯಾಗಿ ಅದರೊಳಗಿನ ಗಾಳಿ ಹೋಗುತ್ತದೆ. ತಣ್ಣನೆಯ ನೆಲ ಮೈಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮರುದಿನ ರಾತ್ರಿ ಕೆಳಗೆ ಎರಡು ಪ್ಯಾಡ್ ಹಾಕಿ, ಅದರ ಮೇಲೆ ಊರಿಂದ ಮೊಮ್ಮಗನಿಗೆ ಅಂತ ಒಯ್ದಿದ್ದ ಕೌದಿ ಹಾಸಿದೆವು. ಬೆಳಗಾಗಿದ್ದೇ ಗೊತ್ತಾಗಲಿಲ್ಲ. ನೀವು ಒಂದು ಕೌದಿ ಪೆಟ್ಟಿಗೆಗೆ ಹಾಕಿಕೊಳ್ಳಿ. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಸೊನ್ನೆ ಡಿಗ್ರಿಗೂ ಬೆಚ್ಚಗಿರುವಂಥದ್ದು ನೋಡಿ ಅಂತ ಅಳಿಯನಿಗೆ ಹೇಳಿ. ಉಲ್ಲನ್ ಟೋಪಿ, ಕಾಲುಚೀಲ, ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಮರೆಯಬೇಡಿ. ರಾತ್ರಿ ಎದ್ದು ಶೌಚಕ್ಕೆ ಹೋಗುವಾಗ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಸೀರೆ ನೆರಿಗೆ ಹಿಡಿದು ಕಲ್ಲು ದಾಟುವುದು ಬೇಡ. ಸೀರೆಯೇ ಬೇಡ ಅನ್ನುವುದು ನನ್ನ ಮಾತಲ್ಲ, ನನ್ನ ಹೆಂಡತಿಯ ಮಾತು.

ಅಪಾಯದ ವಿಷಯಕ್ಕೆ ಬಂದರೆ ಅಲ್ಲಿ ನಿಜವಾಗಿ ಎಚ್ಚರ ಬೇಕಾಗಿರುವುದು ಕಾಲ ಕೆಳಗಿನ ನೆಲದ ಬಗ್ಗೆ. ಹಿಮ ಕರಗಿದ ನೀರು ಆಳಕ್ಕೆ ಇಳಿದು, ಕೆಳಗಿನ ಬಿಸಿ ಬಂಡೆಗೆ ತಾಗಿ, ಹಬೆಯಾಗಿ ಮೇಲೆ ಬರುತ್ತದೆ. ಜೊತೆಗೆ ಗಂಧಕದ ಅನಿಲ. ಅದರಿಂದಾಗುವ ಆಮ್ಲ ಕಲ್ಲನ್ನೇ ತಿಂದು ಜೇಡಿಮಣ್ಣು ಮಾಡುತ್ತದೆ. ಮೇಲೆ ತೆಳ್ಳಗೆ ಒಣಗಿದ ಹೊಪ್ಪಳೆ, ಕೆಳಗೆ ಕುದಿಯುವ ಕೆಸರು. ತುಂಗಭದ್ರಾ ಡ್ಯಾಮಿನ ಹಿನ್ನೀರು ಇಳಿದಾಗ ಎರೆಮಣ್ಣು ಬಿರುಕು ಬಿಟ್ಟು ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲು ತನಕ ಇಳಿಯುತ್ತದೆ ಅಲ್ವಾ? ಅದೇ ಥರ. ಇಲ್ಲಿ ಇಳಿದರೆ ಚಪ್ಪಲಿ ಹೋದೀತು, ಅಲ್ಲಿ ಕಾಲೇ ಹೋಗುತ್ತದೆ. ಸುಮ್ನೆ ಹೆದರಿಸುತ್ತಿಲ್ಲ. ಅಲ್ಲಿನ ದೊಡ್ಡ ಬಿಸಿನೀರಿನ ತಾಣದ ಹೆಸರು ‘ಬಂಪಸ್ ಹೆಲ್’, ಅಂದರೆ ಬಂಪಸ್‌ನ ನರಕ. 1860ರ ದಶಕದಲ್ಲಿ ಬಂಪಸ್ ಅನ್ನುವವನು ಆ ಜಾಗ ಕಂಡುಹಿಡಿದ. ಪತ್ರಿಕೆಯವರಿಗೆ ತೋರಿಸಲು ಕರೆದುಕೊಂಡು ಹೋಗಿ, ಹೊಪ್ಪಳೆ ಒಡೆದು ಕಾಲು ಬೇಯಿಸಿಕೊಂಡ. ಕೊನೆಗೆ ಆ ಕಾಲನ್ನು ಕತ್ತರಿಸಬೇಕಾಯಿತು. ಈಗ ಮರದ ಹಲಗೆಯ ದಾರಿ ಹಾಕಿದ್ದಾರೆ. ಅದರಿಂದ ಒಂದು ಹೆಜ್ಜೆಯೂ ಇಳಿಯಬೇಡಿ, ಫೋಟೋಕ್ಕಂತೂ ಇಳಿಯಲೇಬೇಡಿ. ಅಲ್ಲಿನ ಒಂದು ಹಬೆಗುಂಡಿಯಲ್ಲಿ 161 ಡಿಗ್ರಿ ಶಾಖ ಅಳೆದಿದ್ದಾರೆ.

ಬಂಪಸ್ ಹೆಲ್‌ಗೆ ಹೋಗಿ ಬರಲು ಸುಮಾರು 5 ಕಿ.ಮೀ. ನಡಿಗೆ, ಅದೂ 2,400 ಮೀಟರಿಗಿಂತ ಎತ್ತರದಲ್ಲಿ. ನನ್ನ ಹೆಂಡತಿಗೆ ಮೊಣಕಾಲು ನೋವು, ಅವಳು ಬರಲಿಲ್ಲ. ಅವಳು ನೋಡಿದ್ದು ಸಲ್ಫರ್ ವರ್ಕ್ಸ್. ಅದು ರಸ್ತೆ ಪಕ್ಕದಲ್ಲೇ ಇದೆ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಬೇಲಿಯಾಚೆ ಬೂದು ಬಣ್ಣದ ಕೆಸರು ಕುದಿಯುತ್ತಿರುತ್ತದೆ. ಗುಳ್ಳೆ ದಪ್ಪಗೆ ಉಬ್ಬುತ್ತದೆ, ಒಂದು ಕ್ಷಣ ತಡೆಯುತ್ತದೆ, ಪತ್ ಅಂತ ಒಡೆಯುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. ‘ಜೋಳದ ನುಚ್ಚು ಕುದ್ದಂಗ ಐತಲ್ರಿ’ ಅಂದಳು. ಹೌದು, ಒಲೆ ಮೇಲೆ ನುಚ್ಚು ಗಟ್ಟಿಯಾಗುವಾಗ ಬರುವ ಅದೇ ಸದ್ದು. ಹೌದು, ಸೀರೆಯಲ್ಲೇ ಬಂದಿದ್ದಳು. ಸೀರೆ ಬೇಡ ಅನ್ನುವ ಮಾತು ಆಮೇಲೆ ಹುಟ್ಟಿದ್ದು.

ಅಡುಗೆ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಎತ್ತರಕ್ಕೆ ಹೋದ ಹಾಗೆ ನೀರು ಬೇಗ ಕುದಿಯುತ್ತದೆ, ಅನ್ನ ತಡವಾಗಿ ಬೇಯುತ್ತದೆ. ಮ್ಯಾನ್ಜನೀಟದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಬಿಸಿ ಆಗುವುದಿಲ್ಲ. ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟರೆ ಕಾಯುತ್ತಾ ಕೂರಬೇಕು. ಚಿಕ್ಕ ಕುಕ್ಕರ್ ಇರಲಿ. ಅದಕ್ಕಿಂತ ಒಳ್ಳೆಯದು ನಮ್ಮ ಕಟಕ ರೊಟ್ಟಿ. ಕೆಡುವುದಿಲ್ಲ, ಬೇಯಿಸಬೇಕಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು ಇದ್ದರೆ ಎರಡು ದಿನ ಆರಾಮಾಗಿ ಕಳೆಯುತ್ತದೆ. ಮಂಡಕ್ಕಿ ಒಗ್ಗರಣಿಯೂ ಹತ್ತು ನಿಮಿಷದ ಕೆಲಸ. ಮಿರ್ಚಿ ಕರಿಯುವ ಆಸೆ ಮಾತ್ರ ಬಿಡಿ, ಉಳಿದ ಎಣ್ಣೆ ಅಲ್ಲಿ ಎಲ್ಲೂ ಚೆಲ್ಲುವಂತಿಲ್ಲ. ಊರಿಂದ ಪುಡಿ, ರೊಟ್ಟಿ ಒಯ್ಯುವಾಗ ಅಲ್ಲಿನ ವಿಮಾನ ನಿಲ್ದಾಣದಲ್ಲಿ ತಿಂಡಿ ತಂದಿದ್ದೇವೆ ಅಂತ ಮುಚ್ಚಿಡದೆ ಹೇಳಿ.

ತಿಂಡಿ ಅಂದ ಮೇಲೆ ಕರಡಿ. ಅಲ್ಲಿ ಕಪ್ಪು ಕರಡಿಗಳಿವೆ. ಮನುಷ್ಯರನ್ನು ಹುಡುಕಿಕೊಂಡು ಬರುವುದಿಲ್ಲ, ವಾಸನೆ ಹುಡುಕಿಕೊಂಡು ಬರುತ್ತವೆ. ನಮ್ಮ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ಕರೆಯುತ್ತಾರೆ. ಟೆಂಟಿನಲ್ಲಿ ತಿಂಡಿ ಇಟ್ಟುಕೊಂಡು ಮಲಗಿದರೆ ನೀವು ಮಾಡುವುದೂ ಅದನ್ನೇ. ಅದಕ್ಕೇ ಪ್ರತಿ ಜಾಗಕ್ಕೂ ಒಂದು ಕಬ್ಬಿಣದ ಪೆಟ್ಟಿಗೆ ಕೊಟ್ಟಿರುತ್ತಾರೆ. ಅದರ ಚಿಲಕ ಒಂದು ಸಣ್ಣ ಗೂಡಿನೊಳಗೆ ಇರುತ್ತದೆ. ನಮ್ಮ ಬೆರಳು ಹೋಗುತ್ತದೆ, ಕರಡಿಯ ಪಂಜ ಹೋಗುವುದಿಲ್ಲ. ತಿನ್ನುವುದೆಲ್ಲ ಅದರೊಳಗೆ. ಬರೀ ತಿನ್ನುವುದಲ್ಲ, ಪೇಸ್ಟು, ಸೋಪು, ಪೌಡರು ಕೂಡ. ನಾವು ತೆಂಗಿನೆಣ್ಣೆ ಬಾಟಲಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೆವು. ಸಂಜೆ ಗಸ್ತಿಗೆ ಬಂದ ರೇಂಜರಮ್ಮ ಅದನ್ನು ನೋಡಿ, ಮಗನಿಗೆ ಅದು ಏನು ಅಂತ ಕೇಳಿ, ನಗುತ್ತಲೇ ಪೆಟ್ಟಿಗೆ ಕಡೆ ಬೆರಳು ತೋರಿಸಿದಳು.

ಆರೋಗ್ಯದ ಮಾತು ಚಿಕ್ಕದಾಗಿ. ರಾಯಚೂರು ಇರುವುದು 400 ಮೀಟರ್ ಎತ್ತರದಲ್ಲಿ, ಆ ಪಾರ್ಕಿನ ರಸ್ತೆ ಏರುವುದು 2,590 ಮೀಟರಿಗೆ. ಮೊದಲ ದಿನ ಏದುಸಿರು, ಸಣ್ಣ ತಲೆನೋವು ಸಹಜ. ಆ ದಿನ ಕೆರೆ ಸುತ್ತ 3 ಕಿ.ಮೀ. ಸಮತಟ್ಟು ದಾರಿಯಲ್ಲಿ ನಡೆದರೆ ಸಾಕು. ನೀರಿನಲ್ಲಿ ಲಾಸೆನ್ ಶಿಖರ ತಲೆಕೆಳಗಾಗಿ ಕಾಣುತ್ತದೆ, ಅದೇ ದೊಡ್ಡ ನೋಟ. 3,187 ಮೀಟರಿನ ಶಿಖರ ಹತ್ತುವುದು ಮಕ್ಕಳಿಗೆ ಬಿಡಿ. ನಿಮ್ಮವರಿಗೆ ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಹೊರಡುವ ಮುಂಚೆ ಡಾಕ್ಟರಿಗೆ ಈ ಎತ್ತರದ ಲೆಕ್ಕ ಹೇಳಿಯೇ ಕೇಳಿ. ಪಾರ್ಕಿನ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಮಾತ್ರೆ, ಪೆಟ್ರೋಲು, ನಕ್ಷೆ ಎಲ್ಲ ರೆಡ್ಡಿಂಗ್ ಊರಿನಲ್ಲೇ ನೋಡಿಕೊಳ್ಳಿ. ಅಲ್ಲಿಂದ ಕ್ಯಾಂಪಿಗೆ ಇನ್ನೂ 80 ಕಿ.ಮೀ. ಏರುದಾರಿ.

ಆ ಶಿಖರ ನೋಡುವಾಗ ಒಂದು ವಿಷಯ ನೆನಪಿಟ್ಟುಕೊಂಡರೆ ಚೆನ್ನ. ಕೆಲವು ಜ್ವಾಲಾಮುಖಿಗಳ ಲಾವಾ ಅಂಬಲಿಯ ಹಾಗೆ ತೆಳ್ಳಗೆ, ದೂರ ಹರಿದುಹೋಗುತ್ತದೆ. ಲಾಸೆನ್ನಿನದು ಮುದ್ದೆಯ ಹಾಗೆ ಗಟ್ಟಿ. ಹರಿಯದೆ, ಬಾಯಿಯ ಮೇಲೇ ಗುಪ್ಪೆಯಾಗಿ ನಿಂತು ಈ ಬೆಟ್ಟ ಆಯಿತು. ವಯಸ್ಸು ಸುಮಾರು 27,000 ವರ್ಷ. ನಮ್ಮ ಬಳ್ಳಾರಿ ಕೋಟೆಗುಡ್ಡದ ಕಲ್ಲಿನ ಮುಂದೆ ಅದು ನಿನ್ನೆ ಹುಟ್ಟಿದ ಕೂಸು.

ಅಲ್ಲಿಂದ ಒಂದು ಕಲ್ಲು ತರೋಣ ಅಂತ ಕೈ ಚಾಚಬೇಡಿ. ಪಾರ್ಕಿನಿಂದ ಒಂದು ಹರಳು ಎತ್ತುವುದೂ ತಪ್ಪು, ದಂಡ ಬೀಳುತ್ತದೆ. ಜ್ವಾಲಾಮುಖಿಯ ಕಲ್ಲು ಮುಟ್ಟಲೇಬೇಕು ಅಂದರೆ ಊರಿಗೆ ಬಂದ ಮೇಲೆ ಒಂದು ದಿನ ಲಿಂಗಸುಗೂರು ಕಡೆ ಬಸ್ಸು ಹತ್ತಿ. ಹಟ್ಟಿ ಚಿನ್ನದ ಗಣಿ ಸುತ್ತಮುತ್ತ ಕಾಣುವ ಆ ಕಪ್ಪು ಹಸಿರು ಬಂಡೆಗಳು, ಸುಮಾರು 250 ಕೋಟಿ ವರ್ಷಕ್ಕೂ ಹಿಂದೆ ನೀರಿನ ಕೆಳಗೆ ಹರಿದ ಲಾವಾ.