ಹೈವೋಲ್ಟೇಜ್ ಬ್ಯಾಟರಿ ಇನ್ಸುಲೇಷನ್: ರೆಸಿಸ್ಟರ್ ಒಂದು ಕಡೆ, ಉತ್ತರ ಇನ್ನೊಂದು ಕಡೆಯದ್ದು

ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಹುಡುಕುತ್ತಿರುವ ತುಮಕೂರಿನ ನಮ್ಮ ಓದಿನ ಗುಂಪಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಿಷಯ: ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಪ್ಯಾಕಿನ ಇನ್ಸುಲೇಷನ್ ಅಳೆಯುವುದು ಹೇಗೆ. ಬಿಎಂಎಸ್ (ಬ್ಯಾಟರಿಯ ಮೇಲೆ ನಿಗಾ ಇಡುವ ಬೋರ್ಡ್) ಅಂದರೇನು, ಕಾಂಟ್ಯಾಕ್ಟರ್ (ಪ್ಯಾಕನ್ನು ಗಾಡಿಗೆ ಜೋಡಿಸುವ, ಬಿಡಿಸುವ ದೊಡ್ಡ ಸ್ವಿಚ್) ಅಂದರೇನು ಅನ್ನೋದು ನಿಮಗೆ ಗೊತ್ತೇ ಇದೆ. ನೇರ ವಿಷಯಕ್ಕೆ ಬರೋಣ.

ಪ್ಯಾಕಿನ ಪ್ಲಸ್ ಆಗಲಿ, ಮೈನಸ್ ಆಗಲಿ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ತಾಗಿರುವುದಿಲ್ಲ. ಇನ್ಸುಲೇಷನ್ ಸೊರಗಿ ಒಂದು ಕಡೆಯಿಂದ ಚಾಸಿಗೆ ಕರೆಂಟ್ ಸೋರಿಕೆ ಆದರೆ ಗಾಡಿ ಸುಮ್ನೆ ಓಡುತ್ತಿರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಎರಡನೇ ಕಡೆಯೂ ಸೋರಿದರೆ ಮಾತ್ರ ಅಪಾಯ ಎದುರಿಗೆ ಬರುತ್ತದೆ. ಅದಕ್ಕೇ ಮೊದಲನೆಯದನ್ನೇ ಹಿಡಿಯಬೇಕು. ಎಲೆಕ್ಟ್ರಿಕ್ ಗಾಡಿಗಳ ಸುರಕ್ಷತೆಗಿರುವ ವಿಶ್ವಸಂಸ್ಥೆಯ ನಿಯಮ ಯುಎನ್ ಆರ್100, ನಮ್ಮ ದೇಶದ ಎಐಎಸ್-038 ಎರಡರಲ್ಲೂ ಇನ್ಸುಲೇಷನ್ನಿನ ಕನಿಷ್ಠ ಮಿತಿ ಒಂದೇ: ಡಿಸಿಗೆ ವೋಲ್ಟಿಗೆ 100 ಓಮ್, ಎಸಿ ಸೇರಿಕೊಂಡಿದ್ದರೆ 500 ಓಮ್. 400 ವೋಲ್ಟಿನ ಪ್ಯಾಕಿಗೆ 500ರ ಲೆಕ್ಕದಲ್ಲಿ 200 ಕಿಲೋ ಓಮ್. ಅಷ್ಟಿದ್ದರೆ ಸೋರಿಕೆ 2 ಮಿಲಿಆಂಪ್ ದಾಟುವುದಿಲ್ಲ.

ಈಗ ಎಲ್ಲರೂ ತಡವರಿಸುವ ಜಾಗ. ಅದೇ 400 ವೋಲ್ಟಿನ ಪ್ಯಾಕನ್ನು ಮೀಟರಿನಲ್ಲಿ ಅಳೆದಾಗ ಮೈನಸ್‌ನಿಂದ ಚಾಸಿಗೆ 250 ವೋಲ್ಟ್, ಪ್ಲಸ್‌ನಿಂದ ಚಾಸಿಗೆ 150 ವೋಲ್ಟ್ ಬಂತು ಅಂದುಕೊಳ್ಳಿ. ವೋಲ್ಟೇಜ್ ಕಡಿಮೆ ಬಂದ ಕಡೆಯೇ ಇನ್ಸುಲೇಷನ್ ಸೊರಗಿರುವುದು, ಅಂದರೆ ಇಲ್ಲಿ ಪ್ಲಸ್. ಆದರೆ ಎಷ್ಟು ಸೊರಗಿದೆ? ಈ ಎರಡು ಅಂಕಿಗಳಿಂದ ಅನುಪಾತ ಮಾತ್ರ ಸಿಗುತ್ತದೆ. ಎರಡೂ ಕಡೆ 200 ವೋಲ್ಟ್ ಬಂದರೂ ಖುಷಿಪಡುವಂತಿಲ್ಲ, ಎರಡೂ ಒಂದೇ ಸಮ ಹಾಳಾಗಿರಬಹುದು ಅಲ್ವಾ?

ಅದಕ್ಕೇ ಗೊತ್ತಿರುವ ಒಂದು ರೆಸಿಸ್ಟರ್ ಬೇಕು. ಅದನ್ನು ವೋಲ್ಟೇಜ್ ಜಾಸ್ತಿ ಇರುವ ಕಡೆ, ಅಂದರೆ ಮೈನಸ್ ಮತ್ತು ಚಾಸಿ ನಡುವೆ ಹಾಕುತ್ತೇವೆ. ಸೊರಗಿರುವುದು ಪ್ಲಸ್, ರೆಸಿಸ್ಟರ್ ಮಾತ್ರ ಮೈನಸ್‌ಗೆ ಯಾಕೆ? ನಿಧಾನವಾಗಿ ನೋಡಿ. ಪ್ಲಸ್ ಮತ್ತು ಚಾಸಿ ನಡುವಿನ ಇನ್ಸುಲೇಷನ್ನಿನ ಓಮ್ ಅನ್ನು ಪ್ಲಸ್ ಓಮ್ ಅನ್ನೋಣ, ಮೈನಸ್ ಕಡೆಯದನ್ನು ಮೈನಸ್ ಓಮ್. ಒಟ್ಟು ವೋಲ್ಟೇಜನ್ನು ಮೈನಸ್ ಕಡೆಯ ವೋಲ್ಟೇಜಿನಿಂದ ಭಾಗಿಸಿದರೆ ಬರುವುದು 1 ಕೂಡಿಸು ಪ್ಲಸ್ ಓಮ್ ÷ ಮೈನಸ್ ಓಮ್. ರೆಸಿಸ್ಟರ್ ಹಾಕಿ ಮತ್ತೆ ಭಾಗಿಸಿದರೆ ಅದೇ ಮೊತ್ತಕ್ಕೆ ಪ್ಲಸ್ ಓಮ್ ÷ ರೆಸಿಸ್ಟರ್ ಕೂಡ ಸೇರಿಕೊಳ್ಳುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಮೈನಸ್ ಓಮ್ ಹಾರಿಹೋಗಿ, ಪ್ಲಸ್ ಓಮ್ ÷ ರೆಸಿಸ್ಟರ್ ಮಾತ್ರ ಉಳಿಯುತ್ತದೆ. ಅದನ್ನು ರೆಸಿಸ್ಟರಿನಿಂದ ಗುಣಿಸಿದರೆ ನಮಗೆ ಬೇಕಾದ ಪ್ಲಸ್ ಓಮ್!

200 ಕಿಲೋ ಓಮ್ ಹಾಕಿದಾಗ 250 ಇದ್ದದ್ದು 129ಕ್ಕೆ ಇಳಿಯಿತು ಅನ್ನಿ:

200 × (400 ÷ 129 − 400 ÷ 250) = 200 × (3.1 − 1.6) = 300 ಕಿಲೋ ಓಮ್.

ವೋಲ್ಟಿಗೆ 750 ಓಮ್. ಪಾಸ್.

ಆ ರೆಸಿಸ್ಟರನ್ನು ಒಂದೇ ಕಾಲು ವ್ಯಾಟಿನದ್ದು ಹಾಕಬೇಡಿ. ಸಾಮಾನ್ಯವಾಗಿ ಅದು ತಾಳುವುದು 250 ವೋಲ್ಟ್ ಅಷ್ಟೇ. 20 ಕಿಲೋ ಓಮಿನ ಹತ್ತನ್ನು ಸರಣಿಯಲ್ಲಿ ಬೆಸುಗೆ ಹಾಕಿ, ಮೇಲೆ ಇನ್ಸುಲೇಷನ್ ಸ್ಲೀವ್ ಎಳೆಯಿರಿ. ಪೂರ್ತಿ 400 ವೋಲ್ಟ್ ಬಿದ್ದರೂ ಒಂದೊಂದಕ್ಕೆ 40 ವೋಲ್ಟ್ ಮಾತ್ರ. ಮೀಟರಿನ ಒಳ ರೆಸಿಸ್ಟೆನ್ಸ್ 10 ಮೆಗಾ ಓಮ್‌ಗಿಂತ ಕಡಿಮೆ ಇರಬಾರದು.

ಸುರಕ್ಷತೆಯಲ್ಲಿ ನಾನು ಬಿಡದ ನಿಯಮ: ಕಾಂಟ್ಯಾಕ್ಟರ್ ಓಪನ್ ಇದ್ದಾಗಲೇ ಲೀಡ್ ಮತ್ತು ರೆಸಿಸ್ಟರ್ ಕ್ಲಿಪ್ ಮಾಡಬೇಕು. ಆಮೇಲೆ ಪವರ್ ಕೊಟ್ಟು, ಕೈ ಹಿಂದೆಳೆದು ರೀಡಿಂಗ್ ನೋಡಬೇಕು. ಮತ್ತೆ ಕ್ಲಿಪ್ ಮುಟ್ಟುವ ಮೊದಲು ಕಾಂಟ್ಯಾಕ್ಟರ್ ಓಪನ್ ಮಾಡಿ, ವೋಲ್ಟೇಜ್ 60 ವೋಲ್ಟಿಗಿಂತ ಕೆಳಗೆ ಇಳಿದಿದೆಯೇ ಎಂದು ಅಳೆಯಿರಿ. ಅಳೆಯುವ ಮೊದಲೂ ಆಮೇಲೂ ಮೀಟರನ್ನು ಗೊತ್ತಿರುವ ಸಪ್ಲೈ ಮೇಲೆ ಪರೀಕ್ಷಿಸಿ. ಕ್ಲಾಸ್ 0 ರಬ್ಬರ್ ಗ್ಲೌಸ್ (ಹೈವೋಲ್ಟೇಜ್ ತಡೆಯುವಂಥದ್ದು), ಅದರ ಮೇಲೆ ಚರ್ಮದ ಗ್ಲೌಸ್, ಪಕ್ಕದಲ್ಲಿ ಇನ್ನೊಬ್ಬರು. ಸರ್ವಿಸ್ ಪ್ಲಗ್ (ಪ್ಯಾಕಿನ ಸರ್ಕ್ಯೂಟನ್ನು ಕೈಯಿಂದ ತುಂಡರಿಸುವ ಪ್ಲಗ್) ತೆಗೆದರೂ ಒಳಗಿನ ಸೆಲ್‌ಗಳು ಜೀವಂತವಾಗಿಯೇ ಇರುತ್ತವೆ. ಬಿಎಂಎಸ್ ಜೋಡಿಸಿದ ಪ್ಯಾಕಿಗೆ ಮೆಗ್ಗರ್ (ತಾನೇ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚಬೇಡಿ, ಬೋರ್ಡ್ ಸುಟ್ಟುಹೋದೀತು.

ಬಿಎಂಎಸ್ ತಾನೇ ಇನ್ಸುಲೇಷನ್ ನೋಡುತ್ತಿದ್ದರೆ ಆ ಸರ್ಕ್ಯೂಟನ್ನು ಆಫ್ ಮಾಡಿ, ಇಲ್ಲದಿದ್ದರೆ ಅದರ ರೆಸಿಸ್ಟರೂ ನಿಮ್ಮ ಲೆಕ್ಕದೊಳಗೆ ನುಸುಳುತ್ತದೆ. ರೀಡಿಂಗ್ ನಿಲ್ಲುವ ತನಕ ಕಾಯಿರಿ, ಚಾಸಿಗಿರುವ ಕೆಪಾಸಿಟರ್‌ಗಳು ತುಂಬಬೇಕು.